ಐದೂವರೆ ಕಿಲೋ ನಾಯಿಗೆ ಯಾವ ಪಟ್ಟಿ, ಎಂಥ ಗುರು: ಒಂದು ವರ್ಷ ಬಳಸಿದ ಮೇಲಿನ ವಿಮರ್ಶೆ

ನಮ್ಮ ಮನೆಯ ಬೆಳ್ಳಿಯನ್ನು ಬೀದಿಯವರೆಲ್ಲ ಪಾಮೇರಿಯನ್ ಎನ್ನುತ್ತಾರೆ. ಪಶುವೈದ್ಯರು ಲಸಿಕೆಯ ಕಾರ್ಡಿನಲ್ಲಿ ಇಂಡಿಯನ್ ಸ್ಪಿಟ್ಜ್ ಎಂದು ಬರೆದಿದ್ದಾರೆ. ಜಾತಿ ಯಾವುದಾದರೂ ತೂಕ ಮಾತ್ರ ಐದೂವರೆ ಕಿಲೋ, ಅಂದರೆ ತಿಂಗಳಿಗೊಮ್ಮೆ ನಾನು ಗಿರಣಿಗೆ ಹೊರುವ ರಾಗಿ ಚೀಲಕ್ಕಿಂತ ಕಡಿಮೆ. ತೂಕವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಪೇಟೆಯಲ್ಲಿ ಸಿಗುವ ತರಬೇತಿಯ ಸಾಮಾನುಗಳಲ್ಲಿ ಹಲವು, ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವನ್ನೇ ಅಳತೆ ಕುಗ್ಗಿಸಿ ‘ಸ್ಮಾಲ್’ ಎಂಬ ಚೀಟಿ ಅಂಟಿಸಿ ಮಾರುವಂತೆ ಕಾಣುತ್ತವೆ. ತರಬೇತುದಾರರಲ್ಲಿಯೂ ಕೆಲವರು ಹಾಗೆಯೇ, ದೊಡ್ಡ ನಾಯಿಗೆ ಕಲಿಸುವುದನ್ನೇ ಸಣ್ಣ ನಾಯಿಗೂ ಕಲಿಸುತ್ತಾರೆ. ಕಳೆದ ಒಂದು ವರ್ಷದಲ್ಲಿ ಒಂದು ಚೋಕ್ ಚೈನ್, ಬೊಗಳುವುದನ್ನು ನಿಲ್ಲಿಸುತ್ತದೆಂದು ಹೇಳಿಕೊಳ್ಳುವ ಒಂದು ಎಲೆಕ್ಟ್ರಾನಿಕ್ ಕಾಲರ್, ಎರಡು ಹಾರ್ನೆಸ್ (ಕುತ್ತಿಗೆಯ ಬದಲು ಎದೆಗೆ ತೊಡಿಸುವ ಪಟ್ಟಿ), ಎರಡು ಬಗೆಯ ಲೀಶ್ (ನಾಯಿಯನ್ನು ಹಿಡಿದು ನಡೆಸುವ ಹಗ್ಗ), ಒಂದು ಕ್ಲಿಕ್ಕರ್ ಮತ್ತು ಇಬ್ಬರು ತರಬೇತುದಾರರಿಗಾಗಿ ನಾವು ಖರ್ಚು ಮಾಡಿದ್ದೇವೆ. ಒಂದೇ ಮಾದರಿಯ ವಸ್ತು ಹತ್ತಾರು ಹೆಸರುಗಳಲ್ಲಿ ಸಿಗುವುದರಿಂದ ಇಲ್ಲಿ ಮಾದರಿಯನ್ನಷ್ಟೇ ವಿಮರ್ಶಿಸಿದ್ದೇನೆ.

ಮೊದಲ ತರಬೇತುದಾರರು ಪರಿಚಯದವರೊಬ್ಬರ ಶಿಫಾರಸಿನಿಂದ ಬಂದವರು. 12 ಭೇಟಿಗಳಿಗೆ 8,000 ರೂಪಾಯಿಗಳನ್ನು ಮುಂಗಡವಾಗಿಯೇ ಪಡೆದು, ಒಂದು ತಿಂಗಳಲ್ಲಿ ನಾಯಿ ಹೇಳಿದ ಮಾತು ಕೇಳುತ್ತದೆಂದು ಖಾತರಿ ಕೊಟ್ಟರು. ಅವರ ಚೀಲದಿಂದ ಹೊರಬಂದ ಮೊದಲ ವಸ್ತುವೇ ಚೋಕ್ ಚೈನ್. ನಾಯಿ ಮುಂದಕ್ಕೆ ಎಳೆದ ಕೂಡಲೇ ಸರಪಳಿಯನ್ನು ಝಟ್ಟನೆ ಜಗ್ಗಿ, ಕುತ್ತಿಗೆ ಬಿಗಿದ ಮರುಕ್ಷಣ ಸಡಿಲಿಸಬೇಕೆಂಬುದು ಅವರ ಪಾಠದ ಸಾರವಾಗಿತ್ತು. ನಾಲ್ಕನೆಯ ಭೇಟಿಯ ಹೊತ್ತಿಗೆ ಬೆಳ್ಳಿ ನನ್ನ ಎಡಗಾಲಿಗೆ ಅಂಟಿಕೊಂಡಂತೆ ನಡೆಯತೊಡಗಿದ್ದು ನಿಜ. ಆದರೆ ಸ್ಪಿಟ್ಜ್ ನಾಯಿಯ ಬಾಲ ಬೆನ್ನಿನ ಮೇಲೆ ಸುರುಳಿ ಸುತ್ತಿಕೊಂಡಿರಬೇಕು. ಇದರ ಬಾಲ ಹೊಟ್ಟೆಯ ಕೆಳಗೆ ಸೇರಿಕೊಂಡಿತ್ತು. ಲೀಶನ್ನು ಗೂಟದಿಂದ ತೆಗೆದರೆ ಬಾಗಿಲಿಗೆ ಓಡಿಬರುತ್ತಿದ್ದ ಪ್ರಾಣಿ ದಿವಾನದ ಕೆಳಗೆ ನುಸುಳತೊಡಗಿತು. ಅದೇ ವಾರ ಕೆಮ್ಮು ಶುರುವಾಯಿತು, ಒಣಗಿದ ಗಂಟಲಿನಿಂದ ಬಾತುಕೋಳಿ ಕೂಗಿದ ಹಾಗೆ.

ಪಶುವೈದ್ಯರು ಕೆಮ್ಮನ್ನು ಕೇಳಿದವರೇ, ಔಷಧದ ಮಾತಿಗೂ ಮೊದಲು ಕುತ್ತಿಗೆಯಲ್ಲಿ ಏನು ಹಾಕುತ್ತೀರೆಂದು ಕೇಳಿದರು. ನಾಯಿಯ ಶ್ವಾಸನಾಳವು ‘ಸಿ’ ಅಕ್ಷರದ ಆಕಾರದ ಮೃದ್ವಸ್ಥಿಯ ಬಳೆಗಳನ್ನು ಒಂದರ ಹಿಂದೊಂದು ಜೋಡಿಸಿದಂತಿರುತ್ತದೆ. ಪಾಮೇರಿಯನ್, ಯಾರ್ಕ್‌ಶೈರ್ ಟೆರಿಯರ್, ಚಿಹುವಾಹುವಾ, ಟಾಯ್ ಪೂಡಲ್ ಮೊದಲಾದ ಪುಟ್ಟ ತಳಿಗಳಲ್ಲಿ ಈ ಬಳೆಗಳು ದುರ್ಬಲಗೊಂಡು ನಾಳವೇ ಚಪ್ಪಟೆಯಾಗುವ ಕಾಯಿಲೆ ಹೆಚ್ಚಾಗಿ ಕಂಡುಬರುತ್ತದೆ. ಕುತ್ತಿಗೆಯ ಮೇಲಿನ ಒತ್ತಡ ಅದನ್ನು ಉಲ್ಬಣಗೊಳಿಸುತ್ತದೆ. ಬೆಳ್ಳಿಗೆ ಆ ಕಾಯಿಲೆ ಇರಲಿಲ್ಲವೆಂಬುದು ನಮ್ಮ ಪುಣ್ಯ. ಗಂಟಲಿನ ಉರಿಯೂತ ಎರಡು ವಾರಗಳಲ್ಲಿ ಇಳಿಯಿತು. ಒತ್ತಡದ ಪರಿಣಾಮ ಗಂಟಲಿಗೆ ಮಾತ್ರ ಸೀಮಿತವೂ ಅಲ್ಲ. ನಾಯಿ ಕಾಲರನ್ನು ಎಳೆದಾಗ ಕಣ್ಣುಗುಡ್ಡೆಯ ಒಳಗಿನ ಒತ್ತಡ ಏರುತ್ತದೆಂದೂ, ಹಾರ್ನೆಸ್ ಹಾಕಿ ಎಳೆದಾಗ ಹಾಗಾಗುವುದಿಲ್ಲವೆಂದೂ 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ದೂರವಾಣಿ ಕಂಪನಿಯೊಂದರ ಜಾಹೀರಾತಿನಿಂದ ಮನೆಮಾತಾದ ಪಗ್ ನಾಯಿಯ ಉಬ್ಬುಗಣ್ಣುಗಳನ್ನು ನೆನೆದರೆ ಈ ಮಾತಿನ ತೂಕ ತಿಳಿದೀತು. ಚೋಕ್ ಚೈನ್‌ಗೆ ನಾನು ಒಂದು ನಕ್ಷತ್ರವನ್ನೂ ಕೊಡಲಾರೆ. ಅದು ಈಗ ನಮ್ಮ ಹಿತ್ತಲಿನ ಗೇಟಿನ ಕೊಂಡಿಯಾಗಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.

ಸರಪಳಿಗಿಂತಲೂ ಹೆಚ್ಚಿನ ಹಾನಿಯನ್ನು ಆ ತರಬೇತುದಾರರ ಸಿದ್ಧಾಂತ ಮಾಡಿತು. ಮನೆಯೊಳಗೆ ನಾಯಕ ಯಾರೆಂಬುದನ್ನು ನಾಯಿಗೆ ತೋರಿಸಿಕೊಡಬೇಕು, ಗುರುಗುಟ್ಟಿದರೆ ಬೆನ್ನಡಿಯಾಗಿ ಕೆಡವಿ ಹಿಡಿಯಬೇಕು ಎಂದು ಅವರು ಹೇಳಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸಿದರು. ಈ ‘ಆಲ್ಫಾ’, ಅಂದರೆ ಗುಂಪನ್ನು ಆಳುವ ನಾಯಕ, ಎಂಬ ವಿಚಾರದ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಪ್ರಕಟಿಸಿದ, ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದ ಬೇಲಿಯೊಳಗೆ ಕೂಡಿಹಾಕಿದ್ದ ತೋಳಗಳ ಅಧ್ಯಯನದಲ್ಲಿದೆ. ಕಾಡಿನಲ್ಲಿ ಸ್ವತಂತ್ರವಾಗಿ ಬದುಕುವ ತೋಳಗಳ ಗುಂಪು ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಅವುಗಳ ಮರಿಗಳ ಸಂಸಾರವೇ ಹೊರತು ಹೊಡೆದಾಡಿ ಪಟ್ಟಕ್ಕೇರುವ ದಂಡಲ್ಲವೆಂದು, ‘ಆಲ್ಫಾ’ ಪದವನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ತೋಳತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ ಬರೆದು ತಿದ್ದಿಕೊಂಡರು. ತೋಳದ ವಿಷಯದಲ್ಲಿಯೇ ನಿಲ್ಲದ ಮಾತನ್ನು ನಮ್ಮ ಹಜಾರದ ಐದೂವರೆ ಕಿಲೋ ಬಿಳಿ ಉಣ್ಣೆಯುಂಡೆಯ ಮೇಲೆ ಪ್ರಯೋಗಿಸಿದ ಫಲ ಬೇಗನೆ ಕಂಡಿತು. ಮೊದಲೆಲ್ಲ ಕೂದಲು ಬಾಚುವಾಗ ನೋವಾದರೆ ಬೆಳ್ಳಿ ಗುರುಗುಟ್ಟುತ್ತಿತ್ತು, ನಾವು ಬಾಚಣಿಗೆ ನಿಲ್ಲಿಸುತ್ತಿದ್ದೆವು. ಗುರುಗುಟ್ಟಿದರೆ ಶಿಕ್ಷೆಯೆಂದು ಕಲಿತ ಮೇಲೆ ಅದು ಸದ್ದಿಲ್ಲದೆ ನೇರವಾಗಿ ನಮ್ಮ ಅಮ್ಮನ ಕೈಗೆ ಬಾಯಿ ಹಾಕಿತು. ಹಲ್ಲು ಚರ್ಮ ಸೀಳಲಿಲ್ಲ. ಅಮ್ಮ ಕೈ ನೀವಿಕೊಳ್ಳುತ್ತ, “ಅದರ ಬಾಯಿ ಕಟ್ಟಿದ್ರೆ ಹಲ್ಲು ಮಾತಾಡುತ್ತೆ ಕಣೋ, ನೀನೇ ಕಟ್ಟಿದ್ದು” ಎಂದರು. ಐದನೆಯ ಭೇಟಿಯೇ ಕೊನೆಯದಾಯಿತು. ಉಳಿದ ಏಳು ಭೇಟಿಗಳ ಹಣ ಹಿಂದಿರುಗಲಿಲ್ಲ.

ವಿಯೆನ್ನಾದ ಸಂಶೋಧಕರು ಸಾವಿರಕ್ಕೂ ಹೆಚ್ಚು ಮಾಲೀಕರನ್ನು ಪ್ರಶ್ನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಓದಿದ್ದು ಇದಾದ ಮೇಲೆ. ಪದೇ ಪದೇ ಶಿಕ್ಷಿಸುವ ಮನೆಗಳ ನಾಯಿಗಳಲ್ಲಿ, ದೊಡ್ಡವಿರಲಿ ಸಣ್ಣವಿರಲಿ, ಆಕ್ರಮಣದ ಸ್ವಭಾವ ಹೆಚ್ಚಾಗಿ ಕಂಡಿತು. ಆದರೆ ಶಿಕ್ಷೆಯ ಜೊತೆಗೆ ಅಂಜಿಕೆ ಮತ್ತು ಆತಂಕ ಹೆಚ್ಚಿದ್ದು ಸಣ್ಣ ನಾಯಿಗಳಲ್ಲಿ ಮಾತ್ರ. ಸಣ್ಣ ನಾಯಿಗಳ ಮಾಲೀಕರು ತಮ್ಮ ನಡವಳಿಕೆಯಲ್ಲಿ ಹೆಚ್ಚು ಅಸ್ಥಿರರು, ಕಲಿಸುವುದೂ ಆಡಿಸುವುದೂ ಕಡಿಮೆ ಎಂಬುದು ಅದೇ ಅಧ್ಯಯನದ ಇನ್ನೊಂದು ಮಾತು. ಇದನ್ನು ಓದುವಾಗ ನನಗೆ ನಾಚಿಕೆಯಾಯಿತು. ಲ್ಯಾಬ್ರಡಾರ್ ಅತಿಥಿಗಳ ಮೇಲೆ ಹಾರಿದರೆ ಗದರುವ ನಾವು, ಪುಟ್ಟ ನಾಯಿ ಹಾರಿದರೆ ನಗುತ್ತೇವೆ. ಆಮೇಲೊಂದು ದಿನ ಬಿಳಿ ಪಂಚೆಯ ಮೇಲೆ ಕೆಸರು ಬಿದ್ದಾಗ ಬೈಯುತ್ತೇವೆ.

ಬೊಗಳು ನಿಲ್ಲಿಸುವ ಕಾಲರ್ ಅಂತರ್ಜಾಲದಲ್ಲಿ 1,400 ರೂಪಾಯಿಗೆ ಬಂತು. ಗಂಟಲಿನ ಕಂಪನವನ್ನು ಗ್ರಹಿಸಿ ಮೊದಲು ಬೀಪ್ ಎಂದು, ಆಮೇಲೆ ನಡುಗಿ, ಅದಕ್ಕೂ ಜಗ್ಗದಿದ್ದರೆ ಸಣ್ಣ ವಿದ್ಯುತ್ ಹೊಡೆತ ಕೊಡುವ ಯಂತ್ರವಿದು. ವಿದ್ಯುತ್ತಿನ ಗುಂಡಿಯನ್ನು ಬಂದ್ ಮಾಡಬಹುದೆಂದು ಬರೆದಿದ್ದರಿಂದ ಕೊಂಡೆ. ಆ ಆಸೆ ನನ್ನದೇ ತಪ್ಪು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 90 ಗ್ರಾಂ ತೂಗಿತು. ಬೆಳ್ಳಿಯ ತೂಕಕ್ಕೆ ಹೋಲಿಸಿದರೆ ಅದು 60 ಕಿಲೋ ತೂಗುವ ಮನುಷ್ಯನ ಕೊರಳಿಗೆ ಸುಮಾರು ಒಂದು ಕಿಲೋ ಬೆಲ್ಲದ ಅಚ್ಚನ್ನು ಇಡೀ ದಿನ ನೇತುಹಾಕಿದ ಹಾಗೆ. ಉದ್ದ ಕೂದಲನ್ನು ದಾಟಿ ಚರ್ಮ ಮುಟ್ಟಬೇಕಾದ ಎರಡು ಲೋಹದ ಮೊಳೆಗಳು ಬೇರೆ. ನಡುಕದ ಗುಂಡಿಯನ್ನು ಒತ್ತಿ ನನ್ನ ಮಣಿಕಟ್ಟಿಗೆ ಕಟ್ಟಿಕೊಂಡು ನೋಡಿದೆ, ನೋವಿರಲಿಲ್ಲ, ಆದರೆ ಬೆಚ್ಚಿಬಿದ್ದೆ. ಬರುವುದು ಗೊತ್ತಿದ್ದೂ ಬೆಚ್ಚಿಬಿದ್ದೆ. ಹಾಲಿನವನನ್ನು ಕಂಡು ಸಂತೋಷದಿಂದ ಬೊಗಳುವುದಕ್ಕೂ, ಬೀದಿನಾಯಿ ಗೇಟಿಗೆ ಮೂತಿ ಹಚ್ಚಿದಾಗ ಹೆದರಿ ಬೊಗಳುವುದಕ್ಕೂ ಈ ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ಹೆದರಿ ಬೊಗಳುವ ಹೊತ್ತಿಗೇ ಕುತ್ತಿಗೆಯಲ್ಲಿ ಏನೋ ನಡುಗಿದರೆ, ನಾಯಿ ಆ ನಡುಕವನ್ನು ಬೀದಿನಾಯಿಯ ಲೆಕ್ಕಕ್ಕೇ ಬರೆದುಕೊಳ್ಳುವ ಸಾಧ್ಯತೆ ಹೆಚ್ಚು. ವಿದ್ಯುತ್ ಹೊಡೆತದ ಕಾಲರ್‌ಗಳನ್ನು ನಾಯಿ, ಬೆಕ್ಕುಗಳ ಮೇಲೆ ಬಳಸುವುದನ್ನು ವೇಲ್ಸ್ 2010ರಲ್ಲಿಯೇ ನಿಷೇಧಿಸಿದೆ. ಬೆಳ್ಳಿಯ ಕುತ್ತಿಗೆಗೆ ಅದನ್ನು ಹಾಕದೆಯೇ ಮೂರನೆಯ ದಿನ ಹಿಂದಕ್ಕೆ ಕಳುಹಿಸಿದೆ.

ಇನ್ನು ಹಾರ್ನೆಸ್. ಇದನ್ನು ನಮ್ಮ ಕಡೆಯ ಅಂಗಡಿಗಳಲ್ಲಿ ಬಾಡಿ ಬೆಲ್ಟ್ ಎಂದು ಕೇಳಿದರೆ ಬೇಗ ಸಿಗುತ್ತದೆ. ಮೊದಲು ತಂದದ್ದು ದಪ್ಪ ಬಟ್ಟೆಯ, ಅಂಗಿಯಂತೆ ತೊಡಿಸಿ ವೆಲ್ಕ್ರೊ ಅಂಟಿಸುವ ಮಾದರಿ. ನೋಡಲು ಚೆಂದ, ಆದರೆ ಮೂರು ದೋಷಗಳು ಒಂದು ವಾರದಲ್ಲಿ ಗೊತ್ತಾದವು. ವೆಲ್ಕ್ರೊ ಬಿಚ್ಚುವ ಪರಪರ ಸದ್ದಿಗೆ ನಾಯಿ ಹೆದರುತ್ತದೆ, ಉದ್ದ ಕೂದಲು ಅದಕ್ಕೆ ಸಿಕ್ಕಿಕೊಂಡು ಕೀಳುತ್ತದೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಆ ಬಟ್ಟೆ ಕಂಬಳಿಯಾಗುತ್ತದೆ. ನಾಲ್ಕನೆಯ ದೋಷ ಹಾಲಿನ ಬೂತಿನ ಮುಂದೆ ತಿಳಿಯಿತು. ಎದುರಿಗೆ ಹಸುವೊಂದು ತಲೆ ಅಲ್ಲಾಡಿಸಿದ್ದೇ ತಡ, ಬೆಳ್ಳಿ ಹಿಂದಕ್ಕೆ ಹಿಂದಕ್ಕೆ ಸರಿದು, ಸ್ವೆಟರ್ ಕಳಚುವ ಮಗುವಿನಂತೆ ತಲೆ ತಗ್ಗಿಸಿ ಹಾರ್ನೆಸ್‌ನಿಂದ ಜಾರಿಕೊಂಡಿತು. ಬೂತಿನ ಹುಡುಗ ಕ್ರೇಟು ಅಡ್ಡ ಇಡದಿದ್ದರೆ ಮುಖ್ಯರಸ್ತೆಗೆ ಓಡುತ್ತಿತ್ತು.

ಎರಡನೆಯದು 650 ರೂಪಾಯಿಯದು, ಎದೆಯ ಮೇಲೆ ಪಟ್ಟಿಗಳು ಇಂಗ್ಲಿಷಿನ ‘ವೈ’ ಆಕಾರದಲ್ಲಿ ಕೂಡುವಂಥದ್ದು. ಎದೆಗೆ ಅಡ್ಡಲಾಗಿ ಒಂದೇ ಪಟ್ಟಿ ಬರುವ ಮಾದರಿಯಲ್ಲಿ ಆ ಪಟ್ಟಿ ಹೆಗಲ ಕೀಲಿನ ಮೇಲೆಯೇ ಕುಳಿತು ಮುಂಗಾಲಿನ ಚಲನೆಯನ್ನು ತಡೆಯಬಹುದು. ‘ವೈ’ ಆಕಾರದಲ್ಲಿ ಎದೆಮೂಳೆಯ ಮೇಲೆ ಭಾರ ಬಿದ್ದು ಹೆಗಲುಗಳೆರಡೂ ಬಿಡುವಾಗಿರುತ್ತವೆ, ಗಂಟಲನ್ನು ಏನೂ ಮುಟ್ಟುವುದಿಲ್ಲ. ಕೊಳ್ಳುವ ಮೊದಲು ದರ್ಜಿಯ ಟೇಪಿನಿಂದ ಮುಂಗಾಲುಗಳ ಹಿಂದಿನ ಎದೆಯ ಸುತ್ತಳತೆಯನ್ನು ತೆಗೆದುಕೊಳ್ಳಬೇಕು, ಅದೂ ಕೂದಲನ್ನು ಒತ್ತಿ ಹಿಡಿದು. ನಾನು ಮೊದಲ ಸಲ ಉಣ್ಣೆಯ ಮೇಲೆಯೇ ಅಳೆದು ಎರಡು ಸೆಂಟಿಮೀಟರ್ ಹೆಚ್ಚಿಗೆ ಲೆಕ್ಕ ಹಾಕಿದ್ದೆ, ಬೆಳ್ಳಿ ಜಾರಿಕೊಂಡದ್ದಕ್ಕೆ ಅದೂ ಕಾರಣವಾಗಿರಬೇಕು. ತೊಡಿಸಿದ ಮೇಲೆ ಪಟ್ಟಿಯ ಅಡಿಯಲ್ಲಿ ಎರಡು ಬೆರಳು ಸಲೀಸಾಗಿ ಹೋಗಬೇಕು, ಮೂರು ಹೋಗಬಾರದು. ಎಳೆದಾಗ ಕಂಕುಳ ಕೆಳಗೆ ಬಿಗಿಯುವ ದಾರದ ಹಾರ್ನೆಸ್‌ಗಳೂ ‘ನೋ ಪುಲ್’ ಎಂಬ ಹೆಸರಿನಲ್ಲಿ ಸಿಗುತ್ತವೆ. ನೋವಾಗುವ ಜಾಗ ಬದಲಾಗಿದೆಯೆಂಬುದನ್ನು ಬಿಟ್ಟರೆ ಅವಕ್ಕೂ ಚೋಕ್ ಚೈನ್‌ಗೂ ಅಂಥ ದೂರವಿಲ್ಲ.

ನಾನು ಕೊಂಡದ್ದರ ಕುಂದುಗಳನ್ನೂ ಹೇಳಬೇಕು. ಬಕಲ್ ಹಾಕುವಾಗ ಕೂದಲು ಸಿಕ್ಕಿಕೊಳ್ಳದಂತೆ ಒಂದು ಬೆರಳನ್ನು ಅಡ್ಡ ಇಟ್ಟುಕೊಳ್ಳಲೇಬೇಕು. ದಿನವಿಡೀ ಹಾಕಿಟ್ಟರೆ ಕಂಕುಳಲ್ಲಿ ಕೂದಲು ಜಡೆಗಟ್ಟುತ್ತದೆ, ಆದ್ದರಿಂದ ವಾಕಿಂಗ್ ಮುಗಿದ ಕೂಡಲೇ ಬಿಚ್ಚುತ್ತೇವೆ. ಹಾರ್ನೆಸ್ ತಾನಾಗಿಯೇ ಎಳೆಯುವುದನ್ನು ಬಿಡಿಸುವುದಿಲ್ಲ. ಎಳೆದರೆ ಗಂಟಲಿಗೆ ಪೆಟ್ಟಾಗದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ, ಕಲಿಸುವುದು ನಮ್ಮ ಕೆಲಸ. ಆದರೂ ಇಡೀ ವರ್ಷದ ಖರೀದಿಯಲ್ಲಿ ಇದೇ ಮೇಲು, ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಹಳೆಯ ಕಾಲರ್ ಈಗ ಫೋನ್ ನಂಬರ್ ಇರುವ ಬಿಲ್ಲೆಯನ್ನು ನೇತುಹಾಕುವುದಕ್ಕೆ ಮಾತ್ರ.

ಲೀಶಿನ ವಿಷಯ ಚಿಕ್ಕದು. ಡಬ್ಬಿಯೊಳಗೆ ಸುತ್ತಿಕೊಳ್ಳುವ, ಬೇಕಾದಷ್ಟು ಉದ್ದಕ್ಕೆ ಹರಿಯುವ ಲೀಶ್ ಬೇಡ. ಅದು ಸದಾ ಬಿಗಿಯಾಗಿಯೇ ಇರುವುದರಿಂದ ಎಳೆದರೆ ಮುಂದೆ ಹೋಗಬಹುದೆಂಬುದನ್ನೇ ನಾಯಿಗೆ ಕಲಿಸುತ್ತದೆ, ಡಬ್ಬಿ ಕೈಜಾರಿದರೆ ಟಣಟಣ ಸದ್ದು ಮಾಡುತ್ತ ನಾಯಿಯ ಬೆನ್ನು ಹತ್ತುತ್ತದೆ. ಹತ್ತಿಯ ನೇಯ್ಗೆಯ ಎರಡು ಮೀಟರ್ ಉದ್ದದ ಹಗುರ ಲೀಶ್ ಸಾಕು. ಕೊಕ್ಕೆಯ ತೂಕವನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ, ದೊಡ್ಡ ಹಿತ್ತಾಳೆಯ ಕೊಕ್ಕೆ ಸಣ್ಣ ನಾಯಿಯ ಬೆನ್ನಿಗೆ ಪ್ರತಿ ಹೆಜ್ಜೆಗೂ ಬಡಿಯುತ್ತದೆ.

ಕ್ಲಿಕ್ಕರ್ 120 ರೂಪಾಯಿಯ ಪುಟ್ಟ ಡಬ್ಬಿ. ನಾಯಿ ಸರಿಯಾದದ್ದನ್ನು ಮಾಡಿದ ಕ್ಷಣದಲ್ಲೇ ‘ಟಿಕ್’ ಎನ್ನಿಸಿ, ಕೂಡಲೇ ತಿಂಡಿ ಕೊಟ್ಟರೆ, ಯಾವ ಕೆಲಸಕ್ಕೆ ತಿಂಡಿ ಬಂತೆಂಬುದು ಅದಕ್ಕೆ ಸ್ಪಷ್ಟವಾಗುತ್ತದೆ, ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿ 1940ರ ದಶಕದಲ್ಲಿಯೇ ಈ ಬಗೆಯ ತರಬೇತಿಯನ್ನು ಪ್ರಯೋಗಾಲಯದ ಹೊರಗೆ ತಂದವರು. ವಿಧಾನದ ಬಗ್ಗೆ ನನಗೆ ತಕರಾರಿಲ್ಲ, ಆದರೆ ಬೆಳ್ಳಿ ಆ ಸದ್ದಿಗೇ ಬೆದರಿತು. ಕರವಸ್ತ್ರದಲ್ಲಿ ಸುತ್ತಿ ಒತ್ತಿದರೂ ಕಿವಿ ಹಿಂದಕ್ಕೆ ಹೋಯಿತು. ಕೊನೆಗೆ ಆ ಟಿಕ್ಕಿನ ಜಾಗದಲ್ಲಿ ‘ಭೇಷ್’ ಎಂಬ ಮಾತನ್ನು ಇಟ್ಟುಕೊಂಡೆವು. ಚುಟುಕಾದ ಶಬ್ದ, ಮಾತಿನ ನಡುವೆ ಮತ್ತೆಲ್ಲೂ ಬರುವುದಿಲ್ಲ, ಬೆಲೆಯೂ ಇಲ್ಲ.

ತಿಂಡಿಯ ಲೆಕ್ಕದಲ್ಲಿ ಸಣ್ಣ ನಾಯಿಯವರು ಹೆಚ್ಚು ಎಚ್ಚರ ವಹಿಸಬೇಕು. ಈ ತೂಕದ ನಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 350ರಿಂದ 400 ಕ್ಯಾಲೊರಿ, ಅದರಲ್ಲಿ ಹತ್ತನೆಯ ಒಂದು ಪಾಲನ್ನು ಮೀರದಂತೆ ತಿಂಡಿ ಇರಬೇಕೆಂಬುದು ಪಶುವೈದ್ಯರ ವಾಡಿಕೆಯ ಮಾತು. ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿಯೇ ಸುಮಾರು 20 ಕ್ಯಾಲೊರಿ ಇರುವುದರಿಂದ, ಎರಡು ಬಿಸ್ಕತ್ತು ತಿನ್ನುವಷ್ಟರಲ್ಲಿ ಆ ದಿನದ ಪಾಲು ಮುಗಿದಿರುತ್ತದೆ. ನಾವು ಬೇಯಿಸಿದ ಕೋಳಿಯ ಎದೆಮಾಂಸವನ್ನು ಕಡಲೆಬೇಳೆಯ ಗಾತ್ರಕ್ಕೆ ಹರಿದು ಡಬ್ಬಿಯಲ್ಲಿಡುತ್ತೇವೆ; ಮಾಂಸ ತರದ ಮನೆಯವರಿಗೆ ಪನ್ನೀರು ಅಥವಾ ಬೇಯಿಸಿದ ಕ್ಯಾರೆಟ್ ಆದೀತು. ಪಾಯಸದ ಒಣದ್ರಾಕ್ಷಿ, ಈರುಳ್ಳಿ ಹಾಕಿದ ಸಾರಿನ ಅನ್ನ, ಚಾಕೊಲೇಟ್ ಇವು ಮೂರೂ ನಾಯಿಗೆ ವಿಷ. ಒಣದ್ರಾಕ್ಷಿಯ ವಿಷಯವನ್ನು ಅಮ್ಮನಿಗೆ ನಂಬಿಸಲು ಪಶುವೈದ್ಯರೇ ಫೋನಿನಲ್ಲಿ ಮಾತಾಡಬೇಕಾಯಿತು.

ಎರಡನೆಯ ತರಬೇತುದಾರರನ್ನು ಆ ಪಶುವೈದ್ಯರೇ ಸೂಚಿಸಿದರು. ಮನೆಗೆ ಬಂದು ನಾಯಿಗೆ ಕಲಿಸುವವರಿಗೆ ಇಂಥದೇ ಓದು ಆಗಿರಬೇಕೆಂಬ ಕಡ್ಡಾಯ ನಮ್ಮಲ್ಲಿಲ್ಲ, ಆದ್ದರಿಂದ ಈ ಸಲ ಫೋನಿನಲ್ಲೇ ಒಂದು ಪ್ರಶ್ನೆ ಕೇಳಿದೆ: ನಾಯಿ ಹೇಳಿದ್ದನ್ನು ಮಾಡದಿದ್ದರೆ ನೀವು ಏನು ಮಾಡುತ್ತೀರಿ? ಆ ಹೆಣ್ಣುಮಗಳು, “ನಾನು ಕಷ್ಟದ್ದು ಕೇಳಿದ್ದೀನಿ ಅಂತ ಅರ್ಥ ಸರ್, ಸುಲಭದ್ದು ಕೇಳ್ತೀನಿ” ಎಂದರು. ಖಾತರಿ ಏನೂ ಕೊಡಲಿಲ್ಲ. ಭೇಟಿಯೊಂದಕ್ಕೆ 1,200 ರೂಪಾಯಿ, ಆಯಾ ದಿನವೇ ಕೊಟ್ಟರಾಯಿತು, ಮನೆಯವರೆಲ್ಲ ಜೊತೆಗಿರಬೇಕು ಎಂಬುದು ಅವರ ಷರತ್ತು.

ಮೊದಲ ಭೇಟಿಯಲ್ಲಿ ಅವರು ಬೆಳ್ಳಿಯನ್ನು ಮುಟ್ಟಲೇ ಇಲ್ಲ. ಹಜಾರದ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು, ಆಗಾಗ ಒಂದು ಚೂರು ತಿಂಡಿಯನ್ನು ತಮ್ಮಿಂದ ದೂರಕ್ಕೆ ಎಸೆಯುತ್ತ, ನಮ್ಮನ್ನೇ ಪ್ರಶ್ನಿಸುತ್ತಿದ್ದರು. ನಾಯಿಗೆ ಕುಳಿತುಕೊಳ್ಳಲು ಯಾರು ಏನು ಹೇಳುತ್ತೀರೆಂದು ಕೇಳಿದಾಗ ನಮ್ಮ ಗುಟ್ಟು ರಟ್ಟಾಯಿತು: ನಾನು ‘ಸಿಟ್’, ನನ್ನ ಹೆಂಡತಿ ‘ಕೂರು’, ಅಮ್ಮ ‘ಕೂತ್ಕೊಳ್ಳೇ ನಮ್ಮವ್ವ’. ಕನ್ನಡದ ಮನೆಗಳ ನಾಯಿಗಳೆಲ್ಲ ಇಂಗ್ಲಿಷ್ ಕಲಿತಿರುವುದು ಹೇಗೆಂದು ನಾನು ಯಾವಾಗಲೂ ಸೋಜಿಗಪಟ್ಟಿದ್ದೇನೆ. ಮೂವರಿಗೂ ಸುಲಭವಾದ ‘ಕೂರು’ ಗೆದ್ದಿತು. ಮೊದಲ ತರಬೇತುದಾರರು 12 ಭೇಟಿಗಳ ಯೋಜನೆಯಲ್ಲಿ ಕೇಳದೇ ಹೋದ ಪ್ರಶ್ನೆಯಿದು.

ಅವರ ಪಾಠಗಳಲ್ಲಿ ಸಣ್ಣ ನಾಯಿಯ ಎತ್ತರದಿಂದ ಲೋಕವನ್ನು ನೋಡುವ ಒಂದು ಕ್ರಮವಿತ್ತು. ನಿಂತ ಮನುಷ್ಯ ಮುಂದಕ್ಕೆ ಬಾಗಿ ಕೈ ಚಾಚಿದರೆ ಒಂದಡಿ ಎತ್ತರದ ಪ್ರಾಣಿಗೆ ಅದು ಮೇಲೆ ಬೀಳುವ ಗೋಡೆ. ಆದ್ದರಿಂದ ಹೊಸದನ್ನು ಕಲಿಸುವಾಗಲೆಲ್ಲ ನಾವು ನೆಲದ ಮೇಲೆ, ಇಲ್ಲವೇ ಮಣೆಯ ಮೇಲೆ ಕೂರಬೇಕು. ಸಣ್ಣ ನಾಯಿಗೆ ಹಗಲಿಡೀ ಆಗುವ ದೊಡ್ಡ ಅನ್ಯಾಯವೆಂದರೆ ಹೇಳದೆ ಕೇಳದೆ ಎತ್ತಿಕೊಳ್ಳುವುದೆಂದು ಅವರು ಹೇಳಿದಾಗ ನಮಗೆ ಹೊಳೆಯಿತು, ಅತಿಥಿಗಳೂ ಮಕ್ಕಳೂ ಬೆಳ್ಳಿಯನ್ನು ಹಿಂದಿನಿಂದ ಬಂದು ಎತ್ತುತ್ತಿದ್ದರು. ಈಗ ‘ಎತ್ತಲಾ’ ಎಂದು ಕೇಳಿ, ಎರಡು ಕ್ಷಣ ಕಾದು, ಒಂದು ಕೈ ಎದೆಗೂ ಇನ್ನೊಂದು ಹಿಂಭಾಗಕ್ಕೂ ಆಸರೆ ಕೊಟ್ಟು ಎತ್ತುತ್ತೇವೆ. ಬೇಡವಾದರೆ ಅದು ಮುಖ ತಿರುಗಿಸುತ್ತದೆ, ಬಿಟ್ಟುಬಿಡುತ್ತೇವೆ. ಬಾಚಣಿಗೆಗೂ ಇದೇ ನಿಯಮ. ನೆಲದ ಮೇಲೆ ಒಂದು ಹಳೆಯ ಚಾಪೆ, ಬೆಳ್ಳಿ ತಾನಾಗಿ ಅದರ ಮೇಲೆ ಬಂದು ನಿಂತರೆ ಎರಡು ಸಲ ಬಾಚಿ ‘ಭೇಷ್’, ಇಳಿದರೆ ಅಲ್ಲಿಗೆ ನಿಲುಗಡೆ. ಮೂರನೆಯ ವಾರದಲ್ಲಿ ಅದು ಮತ್ತೆ ಗುರುಗುಟ್ಟಿತು. ನಾವು ಗಾಬರಿಯಾದೆವು, ಅವರು ಮಾತ್ರ ಸಂತೋಷಪಟ್ಟರು: ಮಾತು ವಾಪಸು ಬಂದಿದೆ, ಇನ್ನು ಹಲ್ಲಿನ ಅಗತ್ಯ ಕಡಿಮೆ.

ಕರೆಗಂಟೆಗೆ ಬೊಗಳುವುದನ್ನು ಅವರು ನಿಲ್ಲಿಸಲು ಹೋಗಲಿಲ್ಲ, ಬದಲಿಗೆ ಬೇರೊಂದು ಕೆಲಸ ಕೊಟ್ಟರು. ಗಂಟೆ ಬಾರಿಸಿದರೆ ಚಾಪೆಯ ಮೇಲೆ ತಿಂಡಿ ಬೀಳುತ್ತದೆ, ಹಾಗೆ ದಿನಕ್ಕೆ ಹತ್ತು ಸಲ, ಬಾಗಿಲಾಚೆ ಯಾರೂ ಇಲ್ಲದಿದ್ದಾಗ. ಈಗ ಎರಡು ಬೊಗಳು ಬೊಗಳಿ ಚಾಪೆಗೆ ಓಡುತ್ತದೆ. ಎರಡು ಬೊಗಳು ಇರಲಿ, ಮನೆಗೆ ನಾಯಿ ಬೇಕೆಂದದ್ದಕ್ಕೆ ಅದೂ ಒಂದು ಕಾರಣವಲ್ಲವೇ ಎಂಬುದು ಅಮ್ಮನ ವಾದ. ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘವು 2021ರ ತನ್ನ ನಿಲುವಿನಲ್ಲಿ, ವರ್ತನೆಯ ತೊಂದರೆಗಳೂ ಸೇರಿದಂತೆ ಎಲ್ಲ ನಾಯಿ ತರಬೇತಿಗೂ ಬಹುಮಾನ ಆಧಾರಿತ ವಿಧಾನಗಳನ್ನೇ ಬಳಸಬೇಕೆಂದು ಹೇಳಿದೆ. ಅದನ್ನು ಓದಿದಾಗ ಕಾಗದದ ಮೇಲಿನ ಸದಾಶಯವೆಂದುಕೊಂಡಿದ್ದೆ. ಈ ಚಾಪೆಯನ್ನು ನೋಡಿದ ಮೇಲೆ ಹಾಗನ್ನಿಸುವುದಿಲ್ಲ.

ಹಾಗೆಂದು ಈ ಸೇವೆಗೆ ಪೂರ್ಣ ಅಂಕ ಕೊಡುವುದಿಲ್ಲ. ಹೇಳಿದ ಸಮಯಕ್ಕೆ ಅವರು ಬಂದದ್ದು ಐದರಲ್ಲಿ ಎರಡೇ ಸಲ. ಮನೆಪಾಠ ವಿಪರೀತ: ದಿನಕ್ಕೆ ಮೂರು ಸಲ ಮೂರು ಮೂರು ನಿಮಿಷವೆಂದರೆ ಕೇಳಲು ಹಗುರ, ಕೆಲಸಕ್ಕೆ ಹೋಗುವವರ ಮನೆಯಲ್ಲಿ ಅದು ಸುಲಭವಲ್ಲ. ಫಲ ಕಾಣಲು ಎರಡೂವರೆ ತಿಂಗಳು ಬೇಕಾಯಿತು, ಸರಪಳಿ ನಾಲ್ಕು ಭೇಟಿಗಳಲ್ಲಿ ಕೊಟ್ಟ ತೋರಿಕೆಯ ವೇಗ ಇಲ್ಲಿಲ್ಲ. ಮಳೆಗಾಲದಲ್ಲಿ ಒದ್ದೆ ನೆಲಕ್ಕೆ ಹೆಜ್ಜೆಯಿಡದೆ ಮನೆಯೊಳಗೇ ಮೂತ್ರ ಮಾಡುವ ಚಾಳಿಗೆ ಅವರ ಬಳಿ ಜಗಲಿಯ ಮೂಲೆಯಲ್ಲಿ ಹುಲ್ಲಿನ ಚಾಪೆ ಇಡುವ ಸಲಹೆಯನ್ನು ಬಿಟ್ಟು ಹೆಚ್ಚಿನ ಉಪಾಯವಿರಲಿಲ್ಲ. ಮೂತ್ರಕೋಶವೇ ಸಣ್ಣದು, ಕಾಯಿಸಬೇಡಿ ಎಂದಷ್ಟೇ ಹೇಳಿದರು. ದೀಪಾವಳಿಯ ಪಟಾಕಿಯ ಭಯ ಹಾಗೆಯೇ ಉಳಿದಿದೆ. ಆ ಮೂರು ರಾತ್ರಿ ಬೆಳ್ಳಿ ಸ್ನಾನದ ಮನೆಯ ಹಂಡೆಯ ಹಿಂದೆ ಕಳೆಯಿತು, ಮುಂದಿನ ವರ್ಷ ಹಬ್ಬಕ್ಕೆ ಮೊದಲೇ ಪಶುವೈದ್ಯರಲ್ಲಿ ಔಷಧದ ಬಗ್ಗೆ ಮಾತಾಡಿ ಎಂದು ಅವರೇ ತಮ್ಮ ಮಿತಿಯನ್ನು ಒಪ್ಪಿಕೊಂಡರು. ಐದರಲ್ಲಿ ನಾಲ್ಕು.

ಐದು ಭೇಟಿಗಳಿಗೆ 6,000 ರೂಪಾಯಿ ಆಗಿದೆ. ಆರನೆಯದು ಉಗುರು ಕತ್ತರಿಸುವುದಕ್ಕೆ ಒಪ್ಪಿಸುವ ಪಾಠ, ಮುಂದಿನ ಭಾನುವಾರ. ಈ ನಡುವೆ ಹಾರ್ನೆಸ್‌ನ ಹೊಟ್ಟೆಯ ಪಟ್ಟಿಯಲ್ಲಿ ಹೊಲಿಗೆ ಬಿಡತೊಡಗಿರುವುದು ಕಣ್ಣಿಗೆ ಬಿದ್ದಿದ್ದರಿಂದ, ನಾಲ್ಕೂವರೆ ಅಂಕದಲ್ಲಿ ಅರ್ಧ ಕಡಿಮೆ ಮಾಡಿ, ಅದೇ ಅಳತೆಯ ಇನ್ನೊಂದನ್ನು ತರಿಸಿದ್ದೇನೆ. ಬಣ್ಣ ಅಮ್ಮನ ಆಯ್ಕೆ, ಕೆಂಪು.